ಕೇಳಲು ಯಾರೂ ಇಲ್ಲದ ಟರ್ಮಿನಲ್

2022ರ ನವೆಂಬರ್ 11ರಂದು ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಅದೇ ದಿನ ಅಲ್ಲಿ 108 ಅಡಿ ಎತ್ತರದ ಕೆಂಪೇಗೌಡ ಪ್ರತಿಮೆಯೂ ಅನಾವರಣಗೊಂಡಿತು. ಸುಮಾರು 5,000 ಕೋಟಿ ರೂಪಾಯಿ ವೆಚ್ಚ, ಎರಡೂವರೆ ಲಕ್ಷ ಚದರ ಮೀಟರಿಗೂ ಮಿಕ್ಕಿದ ವಿಸ್ತಾರ, ವರ್ಷಕ್ಕೆ ಎರಡೂವರೆ ಕೋಟಿ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯ, ಬಿದಿರಿನ ಚಾವಣಿ, ಮೇಲಿನಿಂದ ಇಳಿಬಿದ್ದ ಹಸಿರು. 2023ರ ಸೆಪ್ಟೆಂಬರ್ 12ರಿಂದ ವಿದೇಶಕ್ಕೆ ಹೋಗುವ ವಿಮಾನಗಳು ಇಲ್ಲಿಗೆ ಸ್ಥಳಾಂತರಗೊಂಡವು. ಒಳಾಂಗಣದ ಸೊಬಗಿಗಾಗಿ ಯುನೆಸ್ಕೊ ಸಹಯೋಗದ ಪ್ರಿ ವರ್ಸಾಯ್ ಪ್ರಶಸ್ತಿಯೂ ದೊರೆಯಿತು. ಕಟ್ಟಡ ಚೆಲುವಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಾರನ್ನೂ ಏನನ್ನೂ ಕೇಳುವ ಅಗತ್ಯವಿಲ್ಲದ ಮನುಷ್ಯನೊಬ್ಬನನ್ನು ಕಣ್ಣ ಮುಂದಿಟ್ಟುಕೊಂಡು ಅದನ್ನು ಕಟ್ಟಲಾಗಿದೆ. ತುರುವೇಕೆರೆಯಿಂದ, ತಿಪಟೂರಿನಿಂದ, ಚಿಕ್ಕನಾಯಕನಹಳ್ಳಿಯಿಂದ ಮೊದಲ ಬಾರಿಗೆ ಅಲ್ಲಿಗೆ ಹೋಗುವವರು ಆ ಮನುಷ್ಯನಲ್ಲ.

ನಮ್ಮ ಸೀಮೆಯಿಂದ ಅಲ್ಲಿಗೆ ಹೋಗುವವರು ಯಾರು? ಮಗ ಕಳುಹಿಸಿದ ಹಣದಲ್ಲಿ ಉಮ್ರಾಕ್ಕೆ ಹೊರಟ ಅರುವತ್ತು ದಾಟಿದ ತಾಯಂದಿರು, ತೆಂಗಿನಕಾಯಿ ಸುಲಿದು, ಗ್ಯಾರೇಜಿನಲ್ಲಿ ದುಡಿದು, ಈಗ ರಿಯಾದಿಗೋ ದುಬೈಗೋ ಹೊರಟ ಯುವಕರು. ಮನೆಯಲ್ಲಿ ದಖ್ನಿ ಮಾತಾಡುವ, ಬೀದಿಯಲ್ಲಿ ಕನ್ನಡ ಮಾತಾಡುವ ಈ ತಾಯಂದಿರಲ್ಲಿ ಅನೇಕರಿಗೆ ಎರಡರಲ್ಲಿ ಒಂದನ್ನೂ ಓದಲು ಬಾರದು. ಫಲಕದಲ್ಲಿ ಕನ್ನಡ ಇರಬೇಕೆಂಬ ಹೋರಾಟ ನ್ಯಾಯವಾದದ್ದೇ. ಉರ್ದು ಇರಲಿ ಎಂದು ಕೇಳುವವರೂ ನಮ್ಮಲ್ಲಿದ್ದಾರೆ. ಓದು ಬಾರದವರಿಗೆ ಫಲಕ ಯಾವ ಭಾಷೆಯಲ್ಲಿದ್ದರೇನು? ಅವರಿಗೆ ಬೇಕಾಗಿರುವುದು ಒಬ್ಬ ಮನುಷ್ಯ. "ಅಮ್ಮಾ, ಈ ಸಾಲಲ್ಲಿ ನಿಲ್ಲಿ" ಎನ್ನುವ ಒಬ್ಬ ಮನುಷ್ಯ.

ವಿಮಾನ ನಿಲ್ದಾಣ ಎಂದರೆ ರೈಲ್ವೆ ಸ್ಟೇಷನ್ ಅಲ್ಲ ಎಂಬುದನ್ನು ಮರೆಯಬಾರದು. ಬಾಣಸಂದ್ರದಲ್ಲಿ ರೈಲು ಹತ್ತಿಸಲು ಹೋದ ಮಗ ಬೋಗಿಯೊಳಗೆ ಹೋಗಿ ತಾಯಿಯನ್ನು ಸೀಟಿನಲ್ಲಿ ಕೂರಿಸಿ, ಎದುರು ಕುಳಿತವರಿಗೆ "ಸ್ವಲ್ಪ ನೋಡಿಕೊಳ್ಳಿ" ಎಂದು ಹೇಳಿ ಇಳಿಯಬಹುದು. ಇಲ್ಲಿ ಟಿಕೆಟ್ ಇಲ್ಲದ ಮಗ ಬಾಗಿಲಿನಲ್ಲೇ ನಿಲ್ಲಬೇಕು. ಅಲ್ಲಿಂದ ಮುಂದೆ ಆಕೆ ಒಬ್ಬಳೇ. ಬಾಗಿಲಿನಲ್ಲಿ ಒಂದು ಸಮವಸ್ತ್ರ, ಬ್ಯಾಗು ಒಪ್ಪಿಸುವಲ್ಲಿ ಇನ್ನೊಂದು, ಇಮಿಗ್ರೇಶನ್‌ನಲ್ಲಿ ಮತ್ತೊಂದು, ತಪಾಸಣೆಯಲ್ಲಿ ಮಗದೊಂದು. ಪ್ರತಿಯೊಂದು ಕಡೆ ಬೇರೆ ಕಾಗದ, ಬೇರೆ ಪ್ರಶ್ನೆ. ಇದರ ನಡುವೆ ಯಾರೋ ಚಪ್ಪಲಿ ಬಿಚ್ಚಿ ಎನ್ನುತ್ತಾರೆ, ಯಾರೋ ಬಳೆಯನ್ನು ಟ್ರೇಗೆ ಹಾಕಿ ಎನ್ನುತ್ತಾರೆ. ಭದ್ರತೆ ಬೇಡವೆಂದು ಯಾರೂ ಹೇಳುವುದಿಲ್ಲ. ಅದನ್ನು ಆಕೆಗೆ ಅರ್ಥವಾಗುವ ಮಾತಿನಲ್ಲಿ ಹೇಳುವ ಹೊಣೆ ಯಾರದು?

ಮರಳಿ ಬರುವ ತಾಯಿಯನ್ನು ಕರೆದೊಯ್ಯಲು ಮಗ ಬಾಗಿಲಿನ ಬಳಿ ನಿಲ್ಲುವುದಕ್ಕೂ ಗಡಿಯಾರ ಇಟ್ಟಿದ್ದಾರೆ. 2025ರ ಡಿಸೆಂಬರಿನಲ್ಲಿ ನಿಲ್ದಾಣದ ಆಡಳಿತ ಜಾರಿಗೆ ತಂದ ನಿಯಮದ ಪ್ರಕಾರ ಬಂದಿಳಿದ ಪ್ರಯಾಣಿಕರನ್ನು ಕರೆದೊಯ್ಯಲು ಬರುವ ಖಾಸಗಿ ವಾಹನಕ್ಕೆ ಎಂಟು ನಿಮಿಷ ಉಚಿತ, ಅದನ್ನು ಮೀರಿದರೆ 150 ರೂಪಾಯಿ, ಹದಿಮೂರು ನಿಮಿಷ ಮೀರಿದರೆ 300. ವಾಹನದಟ್ಟಣೆ ತಪ್ಪಿಸಲು ಇದು ಬೇಕು ಎನ್ನುತ್ತಾರೆ, ಅದರಲ್ಲಿ ಸತ್ಯಾಂಶವೂ ಇದೆ. ವಿಮಾನದಿಂದ ಇಳಿದು ಬಂದ ವೃದ್ಧೆ ನೋಯುವ ಮೊಣಕಾಲನ್ನು ನೇರ ಮಾಡಿಕೊಂಡು, ಮೊಮ್ಮಕ್ಕಳಿಗೆ ದುಆ ಮಾಡಿ ಕಾರು ಹತ್ತುವಷ್ಟರಲ್ಲಿ ಎಂಟು ನಿಮಿಷ ಕಳೆದುಹೋಗಿರುತ್ತದೆ.

ಇನ್ನು ಕೊಬ್ಬರಿಯ ಕಥೆ. ತಿಪಟೂರು, ತುರುವೇಕೆರೆಯ ಮನೆಗಳಿಂದ ಗಲ್ಫಿನ ನಂಟರಿಗೆ ಹೋಗುವ ಉಡುಗೊರೆ ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಚಿಪ್ಪಿನೊಳಗೇ ಒಣಗಿಸಿ ತೆಗೆದ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರವೇ 2025ರ ಹಂಗಾಮಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅದೇ ಕೊಬ್ಬರಿ ವಿಮಾನದ ನಿಯಮದಲ್ಲಿ ಅಪಾಯಕಾರಿ ವಸ್ತು. ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಭಾರತದ ವಿಮಾನಯಾನ ಭದ್ರತಾ ಬ್ಯೂರೊ 2022ರಲ್ಲಿ ಒಪ್ಪಿಸುವ ಬ್ಯಾಗಿನಲ್ಲಿ ಅದನ್ನು ನಿಷೇಧಿಸಿತು. ನಿಯಮಕ್ಕೆ ಕಾರಣವಿದೆ, ಒಪ್ಪೋಣ. ಆದರೆ ದೇಶದ ದೊಡ್ಡ ಕೊಬ್ಬರಿ ಮಾರುಕಟ್ಟೆಯಿರುವ ತಿಪಟೂರಿನ ಎಷ್ಟು ಮನೆಗಳಿಗೆ ಈ ವಿಷಯ ತಿಳಿದಿದೆ? ಟಿಕೆಟ್ ಮಾರಿದ ಏಜೆಂಟ್ ಹೇಳಿದನೇ? ಹಗ್ಗ ಕಟ್ಟಿ, ಮೇಲೆ ಹೆಸರು ಬರೆದ ರಟ್ಟಿನ ಪೆಟ್ಟಿಗೆಯನ್ನು ನೂರಾರು ಜನರ ಎದುರು ಬಿಚ್ಚಿಸಿ, ಮಗಳಿಗೆಂದು ಕಟ್ಟಿದ ಕೊಬ್ಬರಿಯನ್ನು ಪಕ್ಕಕ್ಕಿಡುವಾಗ ತಾಯಿ ಅನುಭವಿಸುವ ಅವಮಾನಕ್ಕೆ ಯಾವ ಪ್ರಶಸ್ತಿಯಲ್ಲೂ ಲೆಕ್ಕವಿಲ್ಲ.

ಈ ನಿಲ್ದಾಣ ಪೂರ್ತಿ ಖಾಸಗಿ ಸೊತ್ತೇನೂ ಅಲ್ಲ. ಸುಮಾರು 4,000 ಎಕರೆ ನೆಲದ ಮೇಲೆ ನಿಂತಿರುವ ಈ ಕಂಪೆನಿಯಲ್ಲಿ ರಾಜ್ಯ ಸರಕಾರದ ಸಂಸ್ಥೆಗೆ ಶೇ. 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇ. 13 ಪಾಲಿದೆ. ಪ್ರತಿ ಟಿಕೆಟಿನ ಜೊತೆಗೆ ಬಳಕೆದಾರರ ಅಭಿವೃದ್ಧಿ ಶುಲ್ಕ ಎಂದು ವಸೂಲಿ ಮಾಡುವಾಗ ಉದ್ಯಮಿಗೂ ಗಾರೆ ಕೆಲಸದವನಿಗೂ ಭೇದವಿಲ್ಲ. ಹಣ ಕೊಟ್ಟವರನ್ನು ಕೈಹಿಡಿದು ಕರೆದೊಯ್ಯುವ ಸೇವೆ ದೊಡ್ಡ ನಿಲ್ದಾಣಗಳಲ್ಲಿ ಇದ್ದೇ ಇದೆ. ಅರ್ಥಾತ್ ಕೈಹಿಡಿಯಲು ಜನರಿದ್ದಾರೆ, ಬೆಲೆ ಬೇರೆ.

ಬಡವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ನಡೆಯಬಲ್ಲ ವೃದ್ಧರಿಗೂ ಗಾಲಿಕುರ್ಚಿ ಬರೆಸುವುದು. ಕುರ್ಚಿಯ ಜೊತೆ ತಳ್ಳುವವನೊಬ್ಬ ಬರುತ್ತಾನೆ, ಅವನಿಗೆ ದಾರಿ ಗೊತ್ತು, ಕೌಂಟರಿನಲ್ಲಿ ಅವನೇ ಮಾತಾಡುತ್ತಾನೆ. ಇದನ್ನು ದುರುಪಯೋಗ ಎಂದು ವಿಮಾನ ಕಂಪೆನಿಗಳು ದೂರುತ್ತವೆ. ನಿಜವಾಗಿ ನಡೆಯಲಾಗದವರಿಗೆ ಕುರ್ಚಿ ಸಿಗದೇ ಹೋಗುವುದು ಅನ್ಯಾಯವೇ. ಆದರೆ ದಾರಿ ಕೇಳಲು ಬೇರೆ ಮಾರ್ಗವಿಲ್ಲದೆ ಎರಡೂ ಕಾಲು ನೆಟ್ಟಗಿರುವ ಮುದುಕಿ ಅಂಗವಿಕಲೆಯಂತೆ ಕೂರಬೇಕಾದ ವ್ಯವಸ್ಥೆಯನ್ನು ಏನೆಂದು ಕರೆಯೋಣ?

ಬೇರೆ ಮಾರ್ಗವಿದೆ ಎಂಬುದಕ್ಕೆ ಪುರಾವೆ ಬೆಂಗಳೂರಿನಲ್ಲೇ ಇದೆ. ಹಜ್ಜ್ ಕಾಲದಲ್ಲಿ ಇದೇ ಊರುಗಳ ಇದೇ ತಾಯಂದಿರು ಹೆಗಡೆ ನಗರದ ಹಜ್ಜ್ ಭವನಕ್ಕೆ ಬರುತ್ತಾರೆ. ಅಲ್ಲಿ ಶಿಬಿರವಿದೆ, ಸ್ವಯಂಸೇವಕರಿದ್ದಾರೆ, ಕಾಗದ ನೋಡಿ ಹೇಳುವವರಿದ್ದಾರೆ, ಗುಂಪಾಗಿ ಕರೆದೊಯ್ಯುವವರಿದ್ದಾರೆ. ಅದೇ ನಿಲ್ದಾಣ, ಅದೇ ತಪಾಸಣೆ. ಆದರೂ ಅವರು ಗಾಬರಿಯಿಲ್ಲದೆ ವಿಮಾನ ಹತ್ತುತ್ತಾರೆ. ಉಮ್ರಾ ವರ್ಷದ ಬಹುಪಾಲು ನಡೆಯುತ್ತದೆ, ಅದು ಖಾಸಗಿ ಏಜೆಂಟರ ಕೈಯಲ್ಲಿದೆ, ಅಲ್ಲಿ ಯಾರೂ ಇಲ್ಲ.

2025ರ ನವೆಂಬರಿನಲ್ಲಿ ಈ ಟರ್ಮಿನಲ್‌ನಲ್ಲಿ ಕೆಲವರು ನಮಾಝ್ ಮಾಡಿದ ವಿಡಿಯೊ ಹರಿದಾಡಿದಾಗ ಬಿಜೆಪಿ ವಕ್ತಾರರು ಸರಕಾರವನ್ನು ಪ್ರಶ್ನಿಸಿದರು, ಚಾನೆಲ್‌ಗಳು ಚರ್ಚಿಸಿದವು. ದಾರಿಗೆ ಅಡ್ಡವಾಗಿ ನಿಲ್ಲುವುದನ್ನು ಫಿಕ್ಹ್ ಕೂಡ ಮೆಚ್ಚುವುದಿಲ್ಲ, ಇದನ್ನು ನಮ್ಮವರಿಗೆ ಹೇಳಲು ಯಾವ ವಕ್ತಾರರೂ ಬೇಕಾಗಿಲ್ಲ. ಆದರೆ ಆ ಕ್ಯಾಮೆರಾಗಳು ಅದೇ ನೆಲದ ಮೇಲೆ ಪಾಸ್‌ಪೋರ್ಟ್ ಹಿಡಿದು ಅತ್ತಿತ್ತ ನೋಡುತ್ತಾ ನಿಂತವರ ಕಡೆಗೆ ಒಮ್ಮೆಯಾದರೂ ತಿರುಗಿದವೇ?

ಅವರಿವರನ್ನು ದೂರಿ ಕೈತೊಳೆದುಕೊಳ್ಳುವುದು ನಮಗೂ ಶೋಭೆಯಲ್ಲ. ಉಮ್ರಾಕ್ಕೆ ಹೊರಟವರ ಮನೆಯಲ್ಲಿ ಇನ್ನೂರು ಜನರಿಗೆ ದಾವತ್ ನಡೆಯುತ್ತದೆ, ಹೂವಿನ ಹಾರದ ಫೋಟೊ ಫ್ಲೆಕ್ಸ್ ಏರುತ್ತದೆ, ಬೀಳ್ಕೊಡಲು ಮೂರು ಕಾರು ಹೊರಡುತ್ತವೆ. ಮಸೀದಿಯಲ್ಲಿ ತವಾಫಿನ ಏಳು ಸುತ್ತು, ಸಈಯ ಏಳು ನಡೆ ಎಲ್ಲವನ್ನೂ ಕಲಿಸುತ್ತೇವೆ. ಇಮಿಗ್ರೇಶನ್‌ನಲ್ಲಿ ಏನು ಕೇಳುತ್ತಾರೆ, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಎಣ್ಣೆ ಶೀಶೆ ಏಕೆ ಬಿಡುವುದಿಲ್ಲ, ಬೋರ್ಡಿಂಗ್ ಪಾಸಿನಲ್ಲಿ ಗೇಟಿನ ಅಂಕಿ ಎಲ್ಲಿದೆ ಎಂಬುದನ್ನು ಕಲಿಸುವುದಿಲ್ಲ.

ಯುವಕರ ವಿಷಯ ಇದಕ್ಕಿಂತ ಗಂಭೀರವಾದುದು. ಹತ್ತನೇ ತರಗತಿ ದಾಟದವನ ಪಾಸ್‌ಪೋರ್ಟ್‌ನಲ್ಲಿ ವಲಸೆ ತಪಾಸಣೆ ಅಗತ್ಯ ಎಂಬ ಗುರುತಿರುತ್ತದೆ. ಸೌದಿ, ಯುಎಇ ಸೇರಿ 18 ದೇಶಗಳಿಗೆ ದುಡಿಯಲು ಹೋಗುವ ಅಂಥವರಿಗೆ 1983ರ ವಲಸೆ ಕಾಯ್ದೆಯು ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪತ್ರವನ್ನು ಕಡ್ಡಾಯ ಮಾಡಿತು. ಇದನ್ನು ತಪ್ಪಿಸಲು ದಲ್ಲಾಳಿಗಳು ಭೇಟಿಯ ವೀಸಾ ಕೊಟ್ಟು ಸಾಗಹಾಕುತ್ತಾರೆ. ಕೌಂಟರಿನಲ್ಲಿ ಹುಡುಗ ತಡವರಿಸಿದರೆ ವಾಪಸು. ಚಿನ್ನ ಅಡವಿಟ್ಟು ತಂದ ಹಣ ಅಲ್ಲಿಗೆ ಮುಗಿಯಿತು. ದಾಟಿಕೊಂಡರೆ ಇನ್ನೂ ಕಷ್ಟ, ಆ ಕಾಯ್ದೆ ಕೊಡುವ ರಕ್ಷಣೆಯೂ ಅವನಿಗಿಲ್ಲ.

ರಾಜ್ಯ ಸರಕಾರ ತನ್ನ ಶೇ. 13ರ ಪಾಲಿನ ಬಲದಿಂದ ಆ ಬಾಗಿಲುಗಳ ಬಳಿ ಕನ್ನಡ, ದಖ್ನಿ ಬಲ್ಲ ಸಹಾಯಕರನ್ನು ಹಗಲೂ ರಾತ್ರಿ ನಿಲ್ಲಿಸುವಂತೆ ಕೇಳಲಿ. ಇದು ಮುಸ್ಲಿಮರ ಬೇಡಿಕೆಯೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಮಗಳ ಬಾಣಂತನಕ್ಕೆ ಹೊರಟ ತುರುವೇಕೆರೆಯ ಗೌಡರ ಮನೆಯ ತಾಯಿಯೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಮಸೀದಿ ಸಮಿತಿಗಳು ಉಮ್ರಾ ತರಗತಿಯ ಅರ್ಧ ದಿನವನ್ನು ನಿಲ್ದಾಣಕ್ಕೆ ಮೀಸಲಿಡಲಿ. ನಾಲ್ಕು ಬೆಂಚು ಜೋಡಿಸಿ ನಾಲ್ಕು ಸಾಲು ತೋರಿಸಲು ಖರ್ಚೇನೂ ಇಲ್ಲ. ಏಜೆಂಟನಿಗೆ ಮುಂಗಡ ಕೊಡುವ ಮೊದಲು ಮಕ್ಕಳು ಒಂದು ಪ್ರಶ್ನೆ ಕೇಳಲಿ: ಆ ಬಾಗಿಲಿನ ಆಚೆ ನಮ್ಮ ತಾಯಿಯ ಜೊತೆ ಯಾರಿರುತ್ತಾರೆ? "ವೀಲ್‌ಚೇರ್ ಹಾಕಿಸಿದ್ದೇವಲ್ಲ" ಎಂದು ಆತ ಉತ್ತರಿಸಿದರೆ ಮುಂಗಡವನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಏಜೆಂಟನ ಬಳಿ ಅದೇ ಪ್ರಶ್ನೆ ಕೇಳಲಿ.