ಹೊಂದಿಕೊಳ್ಳುವುದಕ್ಕೂ ಮಿತಿ ಇರಲಿ

ಪ್ರಿಯ ಹೆತ್ತವರೇ, ಕಾಗದನಗರದಿಂದ ಕಾಲೇಜು ಹಾಸ್ಟೆಲಿಗೆ ಹೊರಟ ಮಗಳಿಗೆ ಹೊಸ ಉಡುಪು ಕೊಡಿಸುತ್ತೀರಿ. ‘ಹಿರಿಯ ವಿದ್ಯಾರ್ಥಿನಿಯರೊಡನೆ ಹೊಂದಿಕೊಂಡು ಹೋಗು’ ಎಂದು ಬುದ್ಧಿವಾದವನ್ನೂ ಹೇಳುತ್ತೀರಿ. ಆದರೆ ಎಲ್ಲಿಯವರೆಗೆ ಎಂಬುದನ್ನು ಹೇಳುವುದಿಲ್ಲ. ಗುಂಪಿಗೆ ಸೇರಿಸಿಕೊಳ್ಳುವ ನೆಪದಲ್ಲಿ ಅವಮಾನಿಸುವುದು, ತಮ್ಮ ಓದುಬರಹದ ಕೆಲಸ ಮಾಡಿಸುವುದು, ಬಲವಂತವಾಗಿ ಖರ್ಚು ಮಾಡಿಸುವುದು ಇವೆಲ್ಲವೂ ಯುಜಿಸಿಯ 2009ರ ನಿಯಮಗಳ ಪ್ರಕಾರ ರ‍್ಯಾಗಿಂಗ್. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಂತೆ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ.

ಪ್ರವೇಶದ ವೇಳೆ ಮಗಳು ಮಾತ್ರವಲ್ಲ, ನೀವೂ ಮುಚ್ಚಳಿಕೆಗೆ ಸಹಿ ಹಾಕಬೇಕು. ಓದದೆ ಹಾಕಿದ ಸಹಿ ಯಾರನ್ನು ಕಾಪಾಡೀತು? ಮಗಳೊಡನೆ ಕುಳಿತು ಅದನ್ನು ಓದಿರಿ. 1800-180-5522 ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಡಿರಿ. ಮುಂದಿನ ವರ್ಷ ನಿಮ್ಮ ಮಗಳೇ ಹಿರಿಯಳು. ತಾನು ಸಹಿಸಿದ್ದನ್ನು ಹೊಸಬಳ ಮೇಲೆ ಹೇರದಿರುವ ವಿವೇಕವನ್ನು ಈಗಲೇ, ಮನೆಯಲ್ಲೇ ಕಲಿಸಿರಿ.