ಆದರ್ಶ ರಾಜ್ಯದಲ್ಲಿ ಬೇಡವೆನ್ನುವವನ ಗತಿಯೇನು?

ಆದರ್ಶ ಸಮಾಜದ ನಕ್ಷೆ ಬರೆಯುವವರಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ. ಶಾಲೆಯ ಪಡಸಾಲೆಯಲ್ಲಿ, ವಾಚನಾಲಯದ ಕಟ್ಟೆಯ ಮೇಲೆ ಒಬ್ಬೊಬ್ಬರೂ ಒಂದೊಂದು ರಾಜ್ಯವನ್ನು ಕಟ್ಟುತ್ತಾರೆ. ಅಲ್ಲಿ ದಾರಿದ್ರ್ಯವಿಲ್ಲ, ಲಂಚವಿಲ್ಲ, ವ್ಯಾಜ್ಯವಿಲ್ಲ. ಕನಸು ಕಾಣುವುದು ತಪ್ಪೆಂದು ನಾವು ಹೇಳುವವರಲ್ಲ. ಆದರೆ ಈ ಮಹಾಶಯರು, “ಮೊದಲು ಯೋಜನೆಯು ಪೂರ್ಣವಾಗಿ ಜಾರಿಗೆ ಬರಲಿ, ತಕರಾರುಗಳನ್ನು ಆಮೇಲೆ ಕೇಳೋಣ” ಎನ್ನತೊಡಗಿದರೆಂದರೆ ಸುಮ್ಮನಿರುವುದು ದ್ರೋಹವಾದೀತು.

ಇಂಥ ಕಲ್ಪನಾರಾಜ್ಯಗಳಿಗೆಲ್ಲ ತನ್ನ ಹೆಸರನ್ನೇ ಕೊಟ್ಟ ಗ್ರಂಥವನ್ನು ತೆಗೆದುಕೊಳ್ಳಿರಿ. ಇಂಗ್ಲೆಂಡಿನ ಥಾಮಸ್ ಮೋರನು ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಯುಟೋಪಿಯ’ವು ೧೫೧೬ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಐವತ್ತನಾಲ್ಕು ನಗರಗಳು. ಯಾರಿಗೂ ಖಾಸಗಿ ಆಸ್ತಿಯಿಲ್ಲ; ದಿನಕ್ಕೆ ಆರೇ ತಾಸು ದುಡಿಮೆ; ಬಂಗಾರಕ್ಕೆ ಅಲ್ಲಿ ಮೂತ್ರಪಾತ್ರೆಯಾಗುವ ಯೋಗ್ಯತೆ ಮಾತ್ರ! ರೈತನು ಹೊಲ ಕಳೆದುಕೊಂಡು ಕುರಿಗಳಿಗೆ ಜಾಗ ಬಿಟ್ಟುಕೊಡುತ್ತಿದ್ದ ಆ ಕಾಲದಲ್ಲಿ ಇದನ್ನು ಬರೆದವನ ಹೃದಯವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪುಟಗಳನ್ನು ಇನ್ನಷ್ಟು ತಿರುವಿರಿ. ತನ್ನ ನಗರದ ಎಲ್ಲೆಯನ್ನು ದಾಟಿ ಸಂಚರಿಸಬೇಕಾದರೆ ಪರವಾನಗಿಯ ಚೀಟಿ ಬೇಕು. ಚೀಟಿಯಿಲ್ಲದೆ ಎರಡನೆಯ ಸಲ ಸಿಕ್ಕವನಿಗೆ ದಾಸ್ಯ. ಸಾರ್ವಜನಿಕ ವಿಷಯವನ್ನು ನಿಯಮಿತ ಸಭೆಗಳ ಹೊರಗೆ ಆಲೋಚಿಸಿದವನಿಗೆ ಮರಣದಂಡನೆ. ವಾಚಕರೇ, ಆ ದ್ವೀಪದಲ್ಲಿ ಈ ಲೇಖನವನ್ನು ಬರೆದ ನಮಗೂ, ಚಹದ ಅಂಗಡಿಯಲ್ಲಿ ಕುಳಿತು ಇದನ್ನು ಚರ್ಚಿಸುವ ನಿಮಗೂ ಒಂದೇ ಶಿಕ್ಷೆ!

ಮೋರನು ಅರ್ಧ ವಿನೋದಕ್ಕಾಗಿ ಬರೆದನೆಂಬ ವಾದವು ಪಂಡಿತರಲ್ಲುಂಟು. ಇರಲಿ. ಅವನ ಬಾಳು ಮಾತ್ರ ವಿನೋದದಲ್ಲಿ ಮುಗಿಯಲಿಲ್ಲ. ಎಂಟನೆಯ ಹೆನ್ರಿಯು ಇಂಗ್ಲೆಂಡಿನ ಧರ್ಮಸಂಸ್ಥೆಗೆ ತಾನೇ ಪರಮಾಧಿಕಾರಿಯೆನಿಸಿಕೊಂಡಾಗ ಮೋರನು ಅದಕ್ಕೆ ಪ್ರಮಾಣ ಮಾಡಲೊಪ್ಪಲಿಲ್ಲ. ೧೫೩೫ರಲ್ಲಿ ಅವನ ಶಿರಚ್ಛೇದವಾಯಿತು. ತಾನು ಕಲ್ಪಿಸಿದ ರಾಜ್ಯದಲ್ಲಿ ಬೇಡವೆನ್ನುವವನಿಗೆ ಇಂಬಿಡದವನು ತಾನೇ ಬೇಡವೆಂದು ತಲೆಗೊಟ್ಟನು.

ಇದು ಕಾಗದದ ರಾಜ್ಯವಾಯಿತು. ನೆಲದ ಮೇಲೆ ಕಟ್ಟಲು ಹೊರಟವರ ಪಾಡೇನು? ಸ್ಕಾಟ್ಲಂಡದ ಹತ್ತಿಯ ಗಿರಣಿಯಲ್ಲಿ ಕೂಲಿಕಾರರ ಮಕ್ಕಳಿಗೆ ಶಾಲೆ ತೆರೆದು ಹೆಸರು ಗಳಿಸಿದ ರಾಬರ್ಟ್ ಓವೆನ್ನನು ೧೮೨೫ರಲ್ಲಿ ಅಮೇರಿಕದ ಇಂಡಿಯಾನಾ ಪ್ರಾಂತದಲ್ಲಿ ಒಂದು ಸಿದ್ಧ ಊರನ್ನೇ ಕೊಂಡು ‘ನ್ಯೂ ಹಾರ್ಮನಿ’ಯನ್ನು ಸ್ಥಾಪಿಸಿದನು. ಎಂಟು ನೂರಕ್ಕೂ ಮಿಕ್ಕಿ ಜನರು ಬಂದು ನೆರೆದರು; ವಿದ್ವಾಂಸರು ಬಂದರು, ಸೋಮಾರಿಗಳೂ ಬಂದರು. ೧೮೨೬ರ ಫೆಬ್ರುವರಿಯಲ್ಲಿ ಸಮಾನತೆಯ ರಾಜ್ಯಘಟನೆಯನ್ನು ಅಂಗೀಕರಿಸಿದರು. ಕೆಲವೇ ವಾರಗಳಲ್ಲಿ, “ಸ್ವಾಮಿ, ಒಂದು ವರ್ಷದ ಮಟ್ಟಿಗೆ ತಾವೇ ಆಡಳಿತ ನಡೆಸಿರಿ” ಎಂದು ಓವೆನ್ನನನ್ನೇ ಬೇಡಿಕೊಂಡರು! ಘಟನೆಯ ಮೇಲೆ ಘಟನೆ ಬರೆದದ್ದಾಯಿತು. ಹೊಲದಲ್ಲಿ ಕಳೆ ಬೆಳೆಯಿತು. ೧೮೨೭ರಲ್ಲಿ ಪ್ರಯೋಗವು ಮುರಿದುಬಿತ್ತು. ಓವೆನ್ನನ ಸಂಪತ್ತಿನ ಬಹುಭಾಗವು ಅದರೊಡನೆ ಹೋಯಿತು.

ಈ ಕಥೆಯನ್ನು ಹೇಳಿ ನಗುವುದು ಸುಲಭ. ನಮಗೆ ನಗು ಬಾರದು. ಅದೇಕೆಂದರೆ ಓವೆನ್ನನ ವ್ಯವಸ್ಥೆಯನ್ನು ಒಲ್ಲದವರು ಅಲ್ಲಿಯೇ ಪಕ್ಕದಲ್ಲಿ ಬೇರೆ ಸಮುದಾಯಗಳನ್ನು ಕಟ್ಟಿಕೊಂಡರು; ಅದಕ್ಕೆ ಭೂಮಿಯನ್ನು ಬಿಟ್ಟುಕೊಟ್ಟವನು ಓವೆನ್ನನೇ. ಯಾರ ತಲೆಯೂ ಉರುಳಲಿಲ್ಲ. ಅವನ ಮಕ್ಕಳಲ್ಲಿ ಕೆಲವರು ಆ ಊರಿನಲ್ಲಿಯೇ ನೆಲೆಸಿ ಬಾಳಿದರು. ಯುಟೋಪಿಯದ ಯಶಸ್ಸಿಗಿಂತ ಈ ಸೋಲನ್ನು ನಾವು ಮೇಲೆಂದು ಎಣಿಸುತ್ತೇವೆ.

“ಅದೆಲ್ಲ ಪರದೇಶದ ಮಾತು, ನಮಗೆ ರಾಮರಾಜ್ಯವಿದೆ” ಎನ್ನುವಿರಾ? ಒಳ್ಳೆಯದು. ನಮ್ಮ ಜನರು ಹೇಳಿಕೊಂಡು ಬಂದ ಕಥೆಯಲ್ಲಿ ಅಗಸನೊಬ್ಬನು ಅರಸನ ಮನೆಯನ್ನೇ ಆಕ್ಷೇಪಿಸಿದನು. ಅವನ ತಲೆ ಉಳಿಯಿತು. ಇದು ಸಣ್ಣ ಹಿರಿಮೆಯಲ್ಲ. ಆ ಮಾತಿನ ಬೆಲೆಯನ್ನು ಸೀತೆಯು ತೆತ್ತಳೆಂಬುದು ಬೇರೆ ವಿಷಯ — ಅಲ್ಲ, ಅದೂ ಇದೇ ವಿಷಯವೇ. ಅವಳನ್ನು ಯಾರೂ ಕೇಳಲಿಲ್ಲ.

ಆದುದರಿಂದ ನಕ್ಷೆ ಹಿಡಿದು ಬರುವ ಮಹಾಶಯರೇ, ನಿಮ್ಮ ರಾಜ್ಯದಲ್ಲಿ ಎಷ್ಟು ತಾಸು ದುಡಿಮೆ, ಎಷ್ಟು ಸೇರು ಧಾನ್ಯ ಎಂಬುದನ್ನು ನಿಧಾನವಾಗಿ ನೋಡೋಣ. ಒಲ್ಲೆನೆನ್ನುವವನಿಗೆ ಎಲ್ಲಿ ನಿಲ್ಲಲು, ಯಾರೆದುರು ಮಾತನಾಡಲು ಅಧಿಕಾರವಿಟ್ಟಿದ್ದೀರಿ? ಆ ಕಲಮನ್ನು ಮೊದಲು ತೆಗೆದು ತೋರಿಸಿರಿ.