ಚೋಕಿಗೆ ಹೆಸರು ಬರೆಯಲಾಗದು

ನನ್ನ ತರಗತಿಯಲ್ಲಿ ಕುಳಿತವರಿಗೆ ಒಂದು ಬೈಗುಳ ನೆನಪಿರಬಹುದು. ಪ್ರಶ್ನೆ ಕೇಳಿ ಬಹಳ ಹೊತ್ತಿನ ಮೇಲೆ ಉತ್ತರ ಹೊಳೆದವರನ್ನು ‘ಟ್ಯೂಬ್‌ಲೈಟ್’ ಎನ್ನುತ್ತಿದ್ದೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ. ತಪ್ಪು ಬಹುಪಾಲು ಚೋಕಿನದು, ಸ್ಟಾರ್ಟರಿನದು.

2024ರಲ್ಲಿ ವೇಣೂರಿನ ಬಾಹುಬಲಿಯ ಮಹಾಮಸ್ತಕಾಭಿಷೇಕಕ್ಕೆಂದು ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನನ್ನ ಮನೆಗೂ ಬಂದಿದ್ದರು. “ಮಾಸ್ಟ್ರೇ, ಶಾಲೆಗೆ ಟ್ಯೂಬ್‌ಲೈಟ್ ಕೊಡುವ ಅಂತ ಉಂಟು” ಎಂದರು. ನಮ್ಮ ಕಡೆ ಶಾಲೆಗೂ ದೇವಸ್ಥಾನಕ್ಕೂ ಟ್ಯೂಬ್‌ಲೈಟ್ ಕೊಡುವುದು ಹಳೆಯ ಪದ್ಧತಿ. ಕೊಳವೆಯ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು; ಹೆಸರು ಉದ್ದವಾದಷ್ಟೂ ಬೆಳಕು ಕಡಿಮೆ! (ನಿವೃತ್ತಿಯ ವರ್ಷ ನಾನೂ ಎರಡು ಕೊಟ್ಟಿದ್ದೆ, ಹೆಸರು ಸಹಿತ.) ಆದರೆ ಒಳ್ಳೆಯ ಚೋಕನ್ನು ದಾನ ಕೊಟ್ಟವರನ್ನು ನಾನು ಕಂಡಿಲ್ಲ. ಅದು ಪಟ್ಟಿಯೊಳಗೆ ಅಡಗಿರುತ್ತದೆ, ಹೆಸರು ಬರೆಯಲಾಗದು.

ನಷ್ಟವಿರುವುದು ಅಲ್ಲಿಯೇ. ತಾಮ್ರದ ಸುರುಳಿಯ ಹಳೆಯ ಚೋಕು ತಾನು ಬಿಸಿಯಾಗುವುದಕ್ಕೇ ಸುಮಾರು 12 ವ್ಯಾಟ್ ನುಂಗುತ್ತದೆ. 40 ವ್ಯಾಟಿನ ದಪ್ಪ ಟ್ಯೂಬು ಮೀಟರಿಗೆ 52 ವ್ಯಾಟ್ ಆಗುವುದು ಹೀಗೆ. ವೋಲ್ಟೇಜ್ ಇಳಿದ ದಿನ ಸ್ಟಾರ್ಟರ್ ಮತ್ತೆ ಮತ್ತೆ ಯತ್ನಿಸಿ ಸೋಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಎಲೆಕ್ಟ್ರಾನಿಕ್ ಚೋಕಿಗೆ ಸ್ಟಾರ್ಟರ್ ಬೇಡ. 36 ವ್ಯಾಟಿನ ಸಪೂರ ಟ್ಯೂಬಿನೊಡನೆ ಸೇರಿಯೂ 40 ವ್ಯಾಟಿನ ಒಳಗೇ ಮುಗಿಯುತ್ತದೆ. ಎಲ್‌ಇಡಿ ಪಟ್ಟಿಗೆ 20 ಸಾಕು.

ಗಣಿತದ ಮಾಸ್ಟ್ರು ಲೆಕ್ಕ ಬಿಡುವುದುಂಟೆ? ಹತ್ತು ದೀಪ, ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ: ಹಳೆಯದಕ್ಕೆ 624 ಯೂನಿಟ್, ಎಲ್‌ಇಡಿಗೆ 240. ದಾನ ಒಮ್ಮೆ ಮಾತ್ರ, ಬಿಲ್ಲು ತಿಂಗಳು ತಿಂಗಳೂ ಶಾಲೆಯದು. ಆದುದರಿಂದ ಎಲ್‌ಇಡಿಯನ್ನೇ ಕೊಡಿ, ಆದರೆ ಕಳಚಿದ ಟ್ಯೂಬುಗಳ ಹೊಣೆಯನ್ನೂ ಹೊರಬೇಕು ಎಂದೆ.

ಇದಕ್ಕೆ ಕಾರಣವುಂಟು. ಪ್ರತಿ ಟ್ಯೂಬಿನಲ್ಲಿಯೂ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. ಇಂತಹ ಉದ್ದ ಟ್ಯೂಬುಗಳ ತಯಾರಿಕೆಯನ್ನೂ ಆಮದು ರಫ್ತನ್ನೂ 2027ರೊಳಗೆ ನಿಲ್ಲಿಸಬೇಕೆಂದು ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿದವು. ನಮ್ಮ ಶಾಲೆಯಲ್ಲಿಯಾದರೋ, ಕೆಟ್ಟ ಟ್ಯೂಬುಗಳನ್ನು ಹಿಂದಿನ ಹೊಂಡಕ್ಕೆ ಎಸೆಯುವುದು ಮಕ್ಕಳಿಗೆ ಹಬ್ಬ. ‘ಢಬ್’ ಎಂಬ ಸದ್ದಿಗಾಗಿ ಸರದಿ ನಿಲ್ಲುತ್ತಿದ್ದಿರಿ. ನಾನು ಜಗಲಿಯಲ್ಲಿ ನಿಂತು ನಗುತ್ತಿದ್ದೆ. ಪಾದರಸದ ಆವಿ ವಿಷವೆಂದು ತಿಳಿದಿದ್ದರೂ ಅದು ಆ ಬಿಳಿ ಕೊಳವೆಯೊಳಗೂ ಇದೆ ಎಂಬುದು ನನಗೆ ಹೊಳೆಯಲಿಲ್ಲ. ಯಾರು ಟ್ಯೂಬ್‌ಲೈಟ್ ಎಂದು ನೀವೇ ಹೇಳಿ.

ಬಂದವರು ಮಾತು ಉಳಿಸಿಕೊಂಡರು. ಹೊಸ ದೀಪಗಳು ಉರಿಯುತ್ತಿವೆ. ಹಳೆಯ ಟ್ಯೂಬುಗಳು ರಟ್ಟಿನಲ್ಲಿ ಸುತ್ತಿಕೊಂಡು ನಮ್ಮ ಚಾವಡಿಯ ಮೂಲೆಯಲ್ಲಿವೆ, ಒಂದೂ ಒಡೆದಿಲ್ಲ. ಮಂಗಳೂರಿಗೆ ಕಾರಿನಲ್ಲಿ ಹೋಗುವವರು ಅವನ್ನು ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಒಯ್ಯುವುದಾದರೆ ಒಂದು ಫೋನು ಮಾಡಿ. ನಾನೂ ಜೊತೆಗೆ ಬರುತ್ತೇನೆ.